ತೂತು ಮುಚ್ಚದ ಪ್ರಾಣಿ

ಸಿಗರೇಟು ಎಳೆದು, ಮೂಗು ಬಿಗಿಹಿಡಿದು, ಬಾಯಿ ಮುಚ್ಚಿ ಊದಿದರೆ ನಮ್ಮ ಸರ್ ಅವರ ಎಡಗಿವಿಯಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಮೊದಲ ಸಲ ನೋಡಿದಾಗ ಕೈಯಲ್ಲಿದ್ದ ಹುಲ್ಲು ಚೆಲ್ಲಿ ಬಾಗಿಲಿಗೆ ಓಡಿದ್ದೆ. ಅವರಿಗೆ ಬಲು ಮಜಾ. ಸಣ್ಣವರಿದ್ದಾಗಲೇ ಕಿವಿಯ ಪರದೆ ತೂತಾಗಿತ್ತಂತೆ. ಹೋಗಿ ಹೋಗಿ ಕಿವಿ ಡಾಕ್ಟರಿಗೇ ಹಿಂಗಾದರೆ ಉಳಿದವರ ಗತಿಯೇನು ಅಂತ ಆಮೇಲೆ ನಾನೂ ಅವರನ್ನು ಕಾಡುತ್ತಿದ್ದೆ.

ಜಮಖಂಡಿಯ ಒಂದು ಕಾಲೇಜಿನಲ್ಲಿ ಔಷಧ ಪರೀಕ್ಷೆಗೆಂದು ಗಿನಿಪಿಗ್ ಸಾಕಿದ್ದರು. ಬನಹಟ್ಟಿಯಿಂದ ಬಸ್ಸಿಗೆ ಬಂದು ಅವುಗಳ ಮೇವು, ನೀರು ನೋಡುವುದು ನನ್ನ ಕೆಲಸ. ಸರ್ ತಮ್ಮ ದವಾಖಾನೆ ತೆರೆಯುವ ಮುಂಚೆ ಅಲ್ಲಿಗೆ ಬರುತ್ತಿದ್ದರು. ಪಂಜರದ ಮುಂದೆ ನಿಂತು, "ಏನ್ರೆಪಾ, ಆರಾಮ ಅದೀರಿ?" ಅನ್ನುವರು. ಅವಕ್ಕೆ ಮತ್ತು ಬರುವ ಔಷಧ ಕೊಟ್ಟು ಕಿವಿಯ ಪರದೆಗೆ ಸೂಜಿ ಚುಚ್ಚುವ ಮೊದಲು, "ತಪ್ಪ ತಿಳೀಬ್ಯಾಡ್ರಿ" ಅನ್ನುವರು. ಅವರು ಅದನ್ನು ಚೇಷ್ಟೆಗೆ ಹೇಳುತ್ತಿರಲಿಲ್ಲ.

ತೂತು ಮುಚ್ಚಿಸುವ ಹೊಸ ಹನಿಯೊಂದರ ಪರೀಕ್ಷೆ ಅದು. ಒಂದು ಕಿವಿಗೆ ಹನಿ ಹಾಕುವುದು, ಇನ್ನೊಂದನ್ನು ಹಾಗೇ ಬಿಡುವುದು. ಕೆಲವೇ ದಿನಗಳಲ್ಲಿ ಎರಡೂ ಮುಚ್ಚಿಕೊಂಡು, ಏನೂ ಆಗಿಯೇ ಇಲ್ಲವೆಂಬಂತೆ ಮಿಂಚುತ್ತಿದ್ದವು. ಹೀಗಾದರೆ ಹನಿಯ ಗುಣ ತಿಳಿಯುವುದಿಲ್ಲವೆಂದು ಪರದೆಯ ಅಂಚು ಮಡಿಚಿ ನೋಡಿದರು, ಮತ್ತೆ ಮತ್ತೆ ಹರಿದು ನೋಡಿದರು. ಊಹುಂ, ಮುಚ್ಚಿಯೇ ತೀರುತ್ತಿದ್ದವು. ಆ ಕೋಣೆಯಲ್ಲಿ ಒಬ್ಬಳೇ ಇರಲು ನನಗೆ ಅಂಜಿಕೆಯಾಗುತ್ತಿತ್ತು. ಮೇಯುತ್ತಿದ್ದ ಗಿನಿಪಿಗ್‌ಗಳೆಲ್ಲ ಒಮ್ಮೆಲೇ ಬಾಯಿ ನಿಲ್ಲಿಸಿ ಖಾಲಿ ಗೋಡೆಯ ಕಡೆ ಮುಖ ತಿರುವುತ್ತಿದ್ದವು. ಸರ್‌ಗೆ ಹೇಳಿದರೆ, ಅವಕ್ಕೆ ಕೇಳುವುದೆಲ್ಲ ನಮಗೆ ಕೇಳುವುದಿಲ್ಲ ಬಿಡು ಅಂದರು.

ನನಗಿದ್ದದ್ದು ಒಂದೇ ಕಿವಿ. ಬಲಗಿವಿ ಹುಟ್ಟಾ ಕಿವುಡು. ಎಡಗಿವಿಯಲ್ಲಿ ಸರ್‌ಗಿದ್ದಂಥದೇ ತೂತು. ಸದಾ ಸೋರುತ್ತ, ದಿನದಿಂದ ದಿನಕ್ಕೆ ಮಂದವಾಗುತ್ತಿತ್ತು. ಅದೂ ಹೋದರೆ ನನ್ನ ಮಗಳ ದನಿಯೂ ನನ್ನ ಪಾಲಿಗಿಲ್ಲ ಎಂಬ ಭಯ ಹಗಲೆಲ್ಲ ಬೆನ್ನು ಹತ್ತಿರುತ್ತಿತ್ತು. ಆ ಹನಿ ನನಗೂ ಹಾಕಿರಿ ಅಂತ ಗಂಟುಬಿದ್ದೆ.

"ಇವುಗಳ ತೂತ ಲಗೂನ ಮುಚ್ಚತಾವ ತಂಗಿ. ಔಷಧ ಒಳಗಿಳಿಯಾಕ ಹಾದೀನ ಉಳಿಯಂಗಿಲ್ಲ. ನಿಂದು ಯಾವತ್ತೂ ತೆರದ ಬಾಗಿಲಾ. ಒಳಗ ಹೋಗಿ ಏನ ಮಾಡತೈತೋ ಯಾರಿಗೆ ಗೊತ್ತ? ಮುಚ್ಚದ ತೂತಿನ ಪ್ರಾಣಿ ಒಂದರ ಸಿಗಲಿ, ಆಮ್ಯಾಲ ನೋಡೂಣು" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಗಿನಿಪಿಗ್‌ಗೆ ಇರುವ ಭಾಗ್ಯ ನನಗಿಲ್ಲವಾ ಅಂತ ಜಗಳ ತೆಗೆದೆ. ಹನಿ ಇಡುವ ಕಪಾಟಿನ ಕೀಲಿ ನನ್ನ ಹತ್ತಿರವೇ ಇದೆ, ನೀವು ಹಾಕದಿದ್ದರೆ ನಾನೇ ಹಾಕಿಕೊಳ್ಳುತ್ತೇನೆ ಅಂದುಬಿಟ್ಟೆ. ಸರ್ ಹೋಗುವಾಗ ಹನಿಯ ಸೀಸೆಯನ್ನು ಕಿಸೆಯಲ್ಲಿಟ್ಟುಕೊಂಡು ಹೋದರು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸಿಗರೇಟು ಹಚ್ಚಿ, ಮೂಗು ಹಿಡಿದು ಊದಿದರು. ಹೊಗೆ ಬರಲಿಲ್ಲ. ಮುಚ್ಚೇತಲ್ರೀ ಅಂತ ನಾನು ಕುಣಿದಾಡಿದೆ. ಅವರ ಮುಖದಲ್ಲಿ ನಗುವಿರಲಿಲ್ಲ. ಬಲಗಿವಿಗೆ ಹತ್ತಿ ತುರುಕಿ, ಬೆರಳು ಒತ್ತಿಕೊಂಡು ಗೋಡೆಯ ಕಡೆ ತಿರುಗಿ, ಏನಾದರೂ ಅನ್ನು ಅಂದರು. ಅಂದೆ. ಕೂಗಿದೆ. ಕೊನೆಗೆ ಚೀರಿದೆ. ಗಿನಿಪಿಗ್‌ಗಳೆಲ್ಲ ಗಾಬರಿಯಾಗಿ ಪಂಜರದ ಮೂಲೆ ಹಿಡಿದವು. ಸರ್ ಮಾತ್ರ ಅಲ್ಲಾಡದೆ ಗೋಡೆ ನೋಡುತ್ತ ನಿಂತಿದ್ದರು.

ಆ ದಿನವೇ ಸೀಸೆಯಲ್ಲಿ ಉಳಿದದ್ದನ್ನು ಮೋರಿಗೆ ಚೆಲ್ಲಿದರು. ಪರೀಕ್ಷೆ ಅಲ್ಲಿಗೆ ನಿಂತಿತು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಆದರೆ ಅವರ ಆ ಸತ್ತ ಕಿವಿ ಸುಮ್ಮನಿರಲಿಲ್ಲ. ಬನಹಟ್ಟಿಯ ನಮ್ಮ ಮನೆಗೆ ಒಮ್ಮೆ ಬಂದಾಗ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತು ಒಂದು ಸದ್ದೂ ಇರಲಿಲ್ಲ. ಸರ್ ಎಡಗಡೆಗೆ ತಲೆ ವಾಲಿಸಿ, "ಮಗ್ಗ ಭಾಳ ಜೋರ ನಡದಾವಲ್ಲ" ಅಂದರು. ನಾನು ಚಹಾದ ಕಪ್ಪು ಕೆಳಗಿಟ್ಟು ಬಾಗಿಲಿಗೆ ಹೋಗಿ ಓಣಿಯ ಕಡೆ ನೋಡಿದೆ.

ಎಷ್ಟೋ ವರ್ಷದ ಮೇಲೆ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಓಡಿದೆ. ಬಲಗಿವಿ ದಿಂಬಿಗೆ ಒತ್ತಿ ಮಲಗಿದ್ದರು. ನಿನ್ನೆಯಿಂದ ಯಾರು ಕರೆದರೂ ಓಗೊಡುತ್ತಿಲ್ಲವೆಂದು ಅವರ ಮಗಳು ಹೇಳಿ, ನೀರು ತರಲು ಒಳಗೆ ಹೋದಳು. ನಾನು ಬಗ್ಗಿ ಎಡಗಿವಿಗೆ ಬಾಯಿಟ್ಟೆ. ಅದಕ್ಕೆ ಕೇಳುವುದಿಲ್ಲವೆಂಬ ಧೈರ್ಯದ ಮೇಲೆಯೇ, ಎದುರಿಗೆ ಎಂದೂ ಹೇಳಲಾಗದ್ದನ್ನು ಪಿಸುಗುಟ್ಟಿದೆ.

"ಸರ್, ಇದು ನನ್ನ ಕಿವಿಗೆ ಆಗೋದಿತ್ತರಿ."

ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿತು.

"ನೀ ಹಾಕ್ಕೊಂಡ ಬಿಡತಿದ್ದಿ ತಂಗಿ. ಅದಕ್ಕ ನಾ ಮೊದಲ ಹಾಕ್ಕೊಂಡ್ನಿ."

ಮಗಳು ನೀರು ತಂದಳು, ಅವರು ಕುಡಿಯಲಿಲ್ಲ. ಸಂಜೆಯೊಳಗೆ ಹೋಗಿಬಿಟ್ಟರು. ಸತ್ತ ಕಿವಿಗೆ ನನ್ನ ಪಿಸುಮಾತು ಹೇಗೆ ಮುಟ್ಟಿತೋ, ಯಾವ ಡಾಕ್ಟರಿಗೆ ಕೇಳಿದರೂ ಹಾಗಾಗಲು ಸಾಧ್ಯವಿಲ್ಲ ಅನ್ನುತ್ತಾರೆ. ಇರಲಿ. ಅವರ ಕೊನೆಯ ಮಾತನ್ನು ನಾನು ಕೇಳಿಸಿಕೊಂಡದ್ದು ಇಂದಿಗೂ ಸೋರುವ, ತೂತು ಮುಚ್ಚದ ನನ್ನ ಈ ಒಂದೇ ಕಿವಿಯಿಂದ.