ನೂಲು ಕುಡಿದ ದಾರೂ

ಬನಹಟ್ಟಿಯೊಳಗ ನೂಲಿಗೆ ಬಣ್ಣ ಹಾಕೂ ಮಲಕಾಜಪ್ಪನ ಕೈ ಖರೆ ಯಾವ ಬಣ್ಣದ್ದು ಅನ್ನೂದು ಅವನ ಹೆಂಡ್ತಿ ಶಿವವ್ವಗೂ ಗೊತ್ತಿರಲಿಲ್ಲ. ಇವತ್ತ ಮೊಣಕೈತನಕ ಕೆಂಪು, ನಾಳೆ ಹಸರು. ಊಟಕ್ಕ ಕುಂತ್ರ ರೊಟ್ಟಿ ಬಿಟ್ಟು ಪಲ್ಯಾನ ನೋಡ್ತಿದ್ದ. "ಈ ಬದನಿಕಾಯಿ ಬಣ್ಣ ನೂಲಿಗೆ ಹತ್ತಿದ್ರ ಎಷ್ಟು ಛಲೋ ಆಗ್ತಿತ್ತು ಲಗಮಣ್ಣಾ" ಅಂತಿದ್ದ. ನಾ ಅವನ ಬಾಜೂಮನಿಯಂವ, ಮಗ್ಗದಾಂವ. ಹಸದು ಕುಂತಾಗ ಇಂಥಾ ಮಾತು ಕೇಳಿದ್ರ ನನಗ ಸಿಟ್ಟು ನೆತ್ತಿಗೇರ್ತದ.

ಅವನ ಮಗಳು ತಾರವ್ವಗ ಮುಧೋಳದಿಂದ ಸಂಬಂಧ ಬಂತು. ಹುಡುಗ ಬಾಳು, ಸಾಲಿ ಮಾಸ್ತರ. ತಾರವ್ವಗ ಅಂವ ಮನಸಿಗೆ ಬಂದುಬಿಟ್ಟಿದ್ದ. ಅವರಪ್ಪ ಶಿದ್ರಾಮಪ್ಪ, ಅರಿವಿ ವ್ಯಾಪಾರಿ, ಒಂದ ಷರತ್ತು ಹಾಕಿದ: "ದಾರೂ ಮುಟ್ಟೂ ಮನಿತನ ನಮಗ ಬ್ಯಾಡರಿ." ಮಲಕಾಜಪ್ಪ ಜನ್ಮದಾಗ ಒಂದು ಹನಿ ಕುಡದಂವಲ್ಲ, ಹಂಗಾಗಿ ಯಾರಿಗೂ ಕಾಳಜಿ ಇರಲಿಲ್ಲ. ಅಮಾಸಿ ಮರುದಿನ ಮಾತು ಪಕ್ಕಾ ಮಾಡಾಕ ಬರ್ತೇವಿ ಅಂತ ಹೇಳಿ ಕಳಿಸಿದ್ರು.

ಇವಗ ಮಗಳ ಮದವಿ ಸೀರಿಗೆ ಯಾರೂ ಕಾಣದ ಬಣ್ಣ ಹಾಕೂ ಹುಚ್ಚು ಹಿಡೀತು. ಅದ ಹೊತ್ತಿಗೆ ಯಾವನೋ ಪುಣ್ಯಾತ್ಮ ಸುದ್ದಿ ತಂದ. ಸರಕಾರ ದಾರೂಬಂದಿ ತಗದ ಮ್ಯಾಲೆ ಜಮಖಂಡ್ಯಾಗ ಬಾರು ಆಗ್ಯಾವ, ಅಲ್ಲೆ ಕಾಕ್‌ಟೇಲ್ ಅಂತ ಮಾಡ್ತಾರ, ಒಂದ ಗ್ಲಾಸಿನ್ಯಾಗ ಎರಡು ಬಣ್ಣ ನಿಲ್ತಾವ, ಒಂದರಾಗೊಂದು ಬೆರಿಯಂಗಿಲ್ಲ. ಜೀವಮಾನೆಲ್ಲಾ ಎರಡು ಬಣ್ಣ ಕೂಡಿ ರಾಡಿ ಆಗೂದನ್ನ ನೋಡಿದ ಮನಶ್ಯಾಗ ಇದನ್ನ ಕೇಳಿ ನಿದ್ದಿ ಹತ್ತಲಿಲ್ಲ.

ಅಮಾಸಿಗೆ ನಮ್ಮೂರಾಗ ಮಗ್ಗ ನಡಸಂಗಿಲ್ಲ. ಮುಂಜಾನೆ ಇಂವ ನನ್ನ ಸೈಕಲ್ ಹೊರಗ ತಗದು, "ನಾ ತುಳೀತೇನಿ, ನೀ ಹಿಂದ ಕೂಡ್ರಲೇ" ಅಂದ. ಕೂಡ್ರಬಾರದಾಗಿತ್ತು. ಕುಂತೆ.

ಜಮಖಂಡಿ ಪ್ಯಾಟ್ಯಾಗ ಮೊದಲನೇ ಬಾರಿನ್ಯಾಗ ಕೋಕಂ ಶರಬತ್ತಿನ್ಯಾಗ ಜಿನ್ ಹಾಕಿ ಕೊಟ್ರು. ಮಲಕಾಜಪ್ಪ ಗ್ಲಾಸನ್ನ ಕಿಡಕಿ ಬೆಳಕಿಗೆ ಹಿಡದು ಹೊಳ್ಳಿ ಹೊಳ್ಳಿ ನೋಡಿದ. ಆಮ್ಯಾಲೆ ಕಿಸೇದಿಂದ ಬಿಳಿ ನೂಲಿನ ಲಡಿ ತಗದು ಅದರಾಗ ಅದ್ದಿದ.

"ಕುಡೀರಿ ಯಜಮಾನ್ರ" ಅಂದ ಬಾರಿನಂವ.

"ನಾ ಕುಡಿಯಂಗಿಲ್ಲಪಾ. ಇದು ಕುಡೀತೈತಿ" ಅಂತ ಲಡಿ ತೋರಿಸಿದ.

ರೊಕ್ಕಾ ಕೊಟ್ಟ ಮಾಲು ಚೆಲ್ಲಾಕ ಬರ್ತದೇನು? ಗ್ಲಾಸಿನ್ಯಾಗ ಉಳದದ್ದು ನನ್ನ ಪಾಲಿಗೆ ಬಂತು. ಎರಡನೇ ಬಾರಿನ್ಯಾಗ ಬ್ರಾಂಡಿಗೆ ಕಿತ್ತಳಿ ಸೋಡಾ. ಅದೂ ನನ್ನ ಪಾಲಿಗೇ. ರಾಮತೀರ್ಥ ಗುಡ್ಡದ ಏರು ಹತ್ತೂ ಹೊತ್ತಿಗೆ ಮಲಕಾಜಪ್ಪ ಇಳದು ಸೈಕಲ್ ನೂಕಾಕತ್ತಿದ್ದ, ನಾ ಇಳೀಲಿಲ್ಲ.

ಕಡೀಕ ದಶರಥನ ಅಂಗಡಿ. ಸಂಸ್ಥಾನದ ಕಾಲಕ್ಕ ಅರಮನಿ ಅಡಗಿಮನ್ಯಾಗ ಇದ್ದ ಮುದುಕ ಅಂವ. ದಾಳಿಂಬರಿ ಪಾಕ ತಳಕ್ಕ ಹಾಕಿ, ಕಿತ್ತಳಿ ರಸದಾಗ ರಮ್ ಕೂಡಿಸಿ, ಚಮಚದ ಬೆನ್ನಿನ ಮ್ಯಾಲೆ ಸಾವಕಾಶ ಇಳಿಬಿಟ್ಟ. ಕೆಳಗ ಕೆಂಪು, ಮ್ಯಾಲೆ ಕೇಸರಿ, ನಡುವ ಗೆರಿ ಹೊಡದಂಗ. "ಭಾರದ್ದು ಕೆಳಗ, ಹಗರದ್ದು ಮ್ಯಾಲೆ, ಅವಸರ ಮಾಡಬಾರದು" ಅಂದ. ಮಲಕಾಜಪ್ಪ ಉಸರು ಬಿಗಿ ಹಿಡದು ಲಡಿ ನೆಟ್ಟಗ ಇಳಿಸಿ ನೆಟ್ಟಗ ಎತ್ತಿದ. ನೂಲಿಗೂ ಎರಡು ಬಣ್ಣ ಬಂದಿತ್ತು. ಅವನ ಕಣ್ಣಾಗ ನೀರು.

ಹೊಳ್ಳಿ ಬರೂಮುಂದ ಸೈಕಲ್ ಹಿಡಕಿಗೆ ಲಡಿ ಕಟ್ಟಿದ್ದ. ದಾರಿಯೊಳಗ ಕಬ್ಬಿನ ಗಾಡಿ ಎತ್ತಿಗೆಲ್ಲಾ ನಾ ನಮಸ್ಕಾರ ಮಾಡಾಕತ್ತಿದ್ದೆನಂತ. ಮಂದಿಗೇನು, ಬೇಕಾದ್ದು ಅಂತಾರ.

ಹೊಸಾ ಬಣ್ಣ ನೆರಳಾಗ ಆರಬೇಕು, ಗಾಳಿ ಬಡೀಬಾರದು ಅನ್ನೂದು ಬಣ್ಣಗಾರರ ಪದ್ಧತಿ. ಹಂಗಂತ ಇಂವ ಲಡಿ ಎಲ್ಲಾ ಪಡಸಾಲ್ಯಾಗ ಇಳಿಬಿಟ್ಟು, ಕಿಡಕಿ ಬಾಗಲಾ ಮುಚ್ಚಿದ. ಬಣ್ಣದ ಹಂಡೇದ ಮುಂದ ನಿಂತು ನಿಂತು ಅವನ ಮೂಗು ಎಂದೋ ಕೆಟ್ಟಿತ್ತು. ಶಿವವ್ವಗ ವಾಸನಿ ಬಂತು, ಆದ್ರ ಆ ಮನ್ಯಾಗ ವಾಸನಿ ಹೊಸಾದಲ್ಲ. ಯಾವದೋ ಹೊಸಾ ಪುಡಿ ತಂದಾನ ಅಂತ ಸುಮ್ಮನಾದ್ಳು.

ಮರುದಿನ ಶಿದ್ರಾಮಪ್ಪ ಮಗನ್ನ ಕರಕೊಂಡು ಬಂದು ಅದ ಪಡಸಾಲ್ಯಾಗ ಕುಂತ. ಬಾಜೂಮನಿಯಂವ ಅಂತ ನಾನೂ ಇದ್ದೆ. ಮೂಗು ಏರಿಸಿದ. ಅತ್ತಿತ್ತ ನೋಡಿದ. ಟಾವೆಲ್ ಮೂಗಿಗೆ ಹಿಡಕೊಂಡು ಎದ್ದು ನಿಂತ.

"ಏಳೋ ಬಾಳು. ಇದೇನು ಮನಿಯೋ ದಾರೂ ಅಂಗಡಿಯೋ?"

ಅವಲಕ್ಕಿ ತಾಟು ಹಿಡದು ತಾರವ್ವ ಬಾಗಲದಾಗ ನಿಂತಿದ್ಳು. ಆ ಹುಡುಗಿ ಮಾರಿ ನೋಡಾಕ ನನಗ ಆಗಲಿಲ್ಲ.

ಮಲಕಾಜಪ್ಪ ಲಡಿ ಬಿಚ್ಚಿ ಕೈಯಾಗ ಹಿಡದು ಇದ್ದದ್ದು ಇದ್ದಂಗ ಹೇಳಿದ. "ನಾ ಕುಡದಿಲ್ಲರೀ. ನೂಲು ಕುಡದೈತಿ."

"ನಾ ಏನು ಕೂಸೇನು?" ಅಂದ ಶಿದ್ರಾಮಪ್ಪ.

"ಖರೆ ಐತ್ರಿ, ನೂಲು ಬಿಟ್ಟದ್ದನ್ನ ಕುಡದಂವ ನಾನು" ಅಂದೆ. ಕುಡದಂವನ ಸಾಕ್ಷಿ ಯಾರಿಗೆ ಬೇಕು? ಅಂವ ನನ್ನ ಕಡೆ ಹೊಳ್ಳಿ ಸುದ್ದಾ ನೋಡಲಿಲ್ಲ.

ಆದ್ರ ವ್ಯಾಪಾರದ ಕೈ ಕೇಳತದೇನು? ಹೊಂಟಂವ ನಿಂತು ದಶರಥನ ಅಂಗಡ್ಯಾಗ ಅದ್ದಿದ ಎರಡು ಬಣ್ಣದ ಲಡಿ ಇಸಕೊಂಡ. ಬೆಳಕಿಗೆ ಹಿಡದ, ಬೆರಳಿಲೆ ತಿಕ್ಕಿದ. "ಬಣ್ಣ ಛಲೋ ಐತಿ. ಪಕ್ಕಾ ಐತೇನು?"

ಶಿವವ್ವ ಹೂಂ ಅನ್ನು ಅಂತ ಕಣ್ಣಾಗ ಸನ್ನಿ ಮಾಡಿದ್ಳು. ನಾ ಹಿಂದಿಂದ ತಿವದೆ. ಮಲಕಾಜಪ್ಪ ಲಡಿ ನೋಡಿದ, ಮಗಳನ್ನ ನೋಡಿದ.

"ಇಲ್ಲರೀ" ಅಂದ. "ಒಂದು ನೀರಿಗೆ ಹೋಗ್ತದ. ಇದು ನನ್ನ ಮಗಳ ಸೀರಿಗೆ ಬರಂಗಿಲ್ಲ."

ಶಿದ್ರಾಮಪ್ಪ ಲಡಿ ಹೊಳ್ಳಿ ಅವನ ಕೈಯಾಗ ಇಟ್ಟ. ಆಮ್ಯಾಲೆ ಟಾವೆಲ್ ಹೆಗಲಿಗೆ ಹಾಕಿ, ಇದ್ದ ಜಾಗಾದಾಗ ಹೊಳ್ಳಿ ಕುಂತ.

"ಕೂಡ್ರೋ ಬಾಳು. ತನ್ನ ಬಣ್ಣ ಬಿಡ್ತದಂತ ತಾನ ಹೇಳಿದ ಬಣ್ಣಗಾರನ್ನ ನಾ ಇನ್ನೂತನಕ ಕಂಡಿದ್ದಿಲ್ಲ. ಇದಕ್ಕ ಸುಳ್ಳು ಹೇಳಲಾರದಂವ ದಾರೂ ವಿಷಯಕ್ಕ ಸುಳ್ಳು ಹೇಳ್ತಾನೇನು?" ಅಂದು ಶಿವವ್ವನ ಕಡೆ ಹೊಳ್ಳಿದ. "ತಂಗೀ, ಮೊದಲ ಆ ಕಿಡಕಿ ತಗೀರಿ. ಆಮ್ಯಾಲೆ ನನ್ನ ಸೊಸಿ ಕೈಯಾಗಿನ ಅವಲಕ್ಕಿ ಕೊಡ್ರಿ."