ಬಾಗಿಲ ಮೇಲಿನ ಶಕೆ

ಶಾಲೆಯಲ್ಲಿ ಮಕ್ಕಳು ನನಗಿಟ್ಟ ಅಡ್ಡಹೆಸರು ಅರ್ಧ ಮಾರ್ಕಿನ ಟೀಚರ್. ಇಸವಿಯ ಹಿಂದೆ ಕ್ರಿ.ಶ. ಅಥವಾ ಕ್ರಿ.ಪೂ. ಬರೆಯದಿದ್ದರೆ ಮುಲಾಜಿಲ್ಲದೆ ಅರ್ಧ ಅಂಕ ಕತ್ತರಿಸುತ್ತಿದ್ದೆ. ಶಿಲಾಯುಗದ ಜನ ಬಾಳಿದ ಸಂಗನಕಲ್ಲಿನ ಗುಡ್ಡ ಹತ್ತಿಸಿ, ಬಿಸಿಲಲ್ಲಿ ನಿಲ್ಲಿಸಿ, ಕ್ರಿಸ್ತಪೂರ್ವ ಎಂದು ಬಾಯಿಪಾಠ ಮಾಡಿಸಿದವಳು ನಾನು. ಮುಂದೆ ಕೆಲವು ಪುಸ್ತಕಗಳಲ್ಲಿ ಕ್ರಿ.ಶ. ಹೋಗಿ ಸಾ.ಶ., ಅಂದರೆ ಸಾಮಾನ್ಯ ಶಕೆ, ಬಂತು. ಅಂಕಿ ಮಾತ್ರ ಅದೇ. ನಾನೂ ಅದೇ ಅರ್ಧ ಅಂಕ ಕತ್ತರಿಸುತ್ತ ಹೋದೆ. ಅದನ್ನು ಯಾಕೆ ಬರೆಯಬೇಕು ಎಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಕೇಳಿದವಳು ಕುರುಗೋಡಿನ ನಮ್ಮತ್ತೆ, ಅಪ್ಪನ ತಂಗಿ. ಓದಿದವಳಲ್ಲ. ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿದು ಬಳ್ಳಾರಿಯ ಖಾನಾವಳಿಗಳಿಗೆ ಕಳಿಸುತ್ತಾಳೆ. ಆ ಪಡಸಾಲೆಯೇ ಅವಳ ಅನ್ನ.

ಹೋದ ಬೇಸಿಗೆಯಲ್ಲಿ ಶಿಥಿಲ ಕಟ್ಟಡಗಳ ಪಟ್ಟಿ ಮಾಡಲು ಬಂದ ಸರ್ವೆಯವನೊಬ್ಬ, ಬಾಗಿಲ ಮೇಲಿನ ಕಲ್ಲಿನಲ್ಲಿ ೧೮೮೦ ನೋಡಿ, ಗೋಡೆಗೆ ಕೆಂಪು ಬಣ್ಣದಲ್ಲಿ ಗೀಟು ಎಳೆದು ಹೋದ. ನೂರು ವರ್ಷ ದಾಟಿದ ಮನೆಗಳನ್ನು ಮಳೆಗಾಲದೊಳಗೆ ಕೆಡವಬೇಕಂತೆ. ಅತ್ತೆ ಫೋನ್ ಮಾಡಿದಾಗ ಬಳ್ಳಾರಿಯ ಸತ್ಯನಾರಾಯಣಪೇಟೆಯ ನನ್ನ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ನಾನು ಅಂದದ್ದೇನು?

"ಅತ್ತಿ, ಕಲ್ಲಿನ ಮ್ಯಾಗ ಹದಿನೆಂಟುನೂರಾ ಎಂಬತ್ತು ಅಂತ ಐತಲ್ಲ. ನೂರಾ ನಲವತ್ತು ವರ್ಷ ದಾಟೇತಿ. ಬಿದ್ದರ ಏನ್ ಮಾಡ್ತಿ?"

"ಇಷ್ಟು ಓದಿ ಏನ್ ಕಡದು ಕಟ್ಟಿ ಹಾಕಿದಿಯವಾ? ಈ ಮನಿ ಒಕ್ಕಲಾದ ದಿನ ನಾ ತೊಟ್ಟಿಲದಾಗ ಇದ್ನಿ. ಮನಿ, ನಾನು ಒಂದ ವಾರಿಗಿ, ಇಬ್ಬರಿಗೂ ಅರವತ್ತೇಳು. ಲೆಕ್ಕ ಎಲ್ಲಿಂದ ಸುರು ಮಾಡ್ಯಾರ ಅಂತ ನೋಡಬ್ಯಾಡೇನು? ದಾರಿ ಕಲ್ಲಿನ ಮ್ಯಾಗ ಬರೇ ಮೂವತ್ತು ಅಂತ ಬರದ್ರ ಸಿರುಗುಪ್ಪಕ್ಕ ಮೂವತ್ತೋ, ಬಳ್ಳಾರಿಗೆ ಮೂವತ್ತೋ?"

ಕಪಾಳಕ್ಕೆ ಬಿಗಿದಂತಾಯಿತು. ಮರುದಿನ ಮೊದಲ ಬಸ್ಸಿಗೇ ಹೋಗಿ, ಏಣಿ ಹತ್ತಿ ಕಲ್ಲಿನ ಮೇಲಿನ ಸುಣ್ಣ ಕೆರೆದೆ. ವರ್ಷವರ್ಷ ಕಲ್ಲಿಗೂ ಸುಣ್ಣ ಬಳಿದು, ಅಂಕಿಗಷ್ಟೇ ಕರಿ ಬಣ್ಣ ತುಂಬುತ್ತಿದ್ದವರು ನಮ್ಮಪ್ಪನೇ. ಅಂಕಿ ಉಳಿದು ಅಕ್ಷರಗಳು ಹೂತುಹೋಗಿದ್ದವು. ಒಂದೊಂದಾಗಿ ಎದ್ದು ಬಂದವು: ಶಾಲಿವಾಹನ ಶಕ. ಕೆಳಗೆ, ವಿಳಂಬಿ ಸಂವತ್ಸರ. ಶಕೆಗೆ ಎಪ್ಪತ್ತೆಂಟು ಕೂಡಿಸಿದರೆ ನಮ್ಮ ಇಸವಿ. ೧೯೫೮, ಅತ್ತೆ ಹುಟ್ಟಿದ ವರ್ಷ! ಇತಿಹಾಸದ ಟೀಚರಂತೆ ನಾನು. ನಾಚಿಕೆಯಿಂದ ಏಣಿಯ ಮೇಲೇ ಅಳು ಬಂತು.

ಸರ್ವೆಯವನನ್ನು ಕರೆಸಿದೆವು. ಕಲ್ಲನ್ನು ನೋಡಿದ, ತನ್ನ ಫೋನನ್ನು ನೋಡಿದ.

"ಮೇಡಂ, ಇದರಾಗ ವರ್ಷ ಅಂತ ಒಂದ ಕಾಲಂ ಐತ್ರಿ. ಶಕ ಗಿಕ ಹಾಕಾಕ ಬರಂಗಿಲ್ಲ."

"ಬರದಿದ್ರ ವರ್ಷಾನ ತಿದ್ರಿ. ತಿದ್ದೋತನಕ ನಾ ಈ ಹೊಸ್ತಿಲ ಬಿಟ್ಟು ಏಳಂಗಿಲ್ಲ," ಎಂದು ಕೂತೇಬಿಟ್ಟೆ.

"ಆಮ್ಯಾಲ ನೋಡೂಣ್ರಿ," ಎಂದು ಅವನು ಬೈಕಿನ ಕಡೆ ತಿರುಗಿದ. ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಬೈಕಿಗೆ ತೂಗುಹಾಕಿದ್ದ ಕೆಂಪು ಬಣ್ಣದ ಡಬ್ಬಿ ತೆಗೆದು ಅವನ ಕೈಗೇ ಕೊಟ್ಟಳು.

"ತಮ್ಮಾ, ಮನಿಗೆ ನೂರಾ ನಲವತ್ತಾದ್ರ ನನಗೂ ಅಷ್ಟ ಆತು. ತಗೋ, ನನ್ನ ಹಣಿಮ್ಯಾಗೂ ಒಂದು ಗೀಟು ಎಳಿ. ಮೊದ್ಲು ನನ್ನ ಕೆಡವು, ಆಮ್ಯಾಲ ಗೋಡಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ನಾಲ್ಕೂ ಹೆಂಗಸರು ಹೊರಗೆ ಬಂದು ಅತ್ತೆಯ ಬೆನ್ನಿಗೆ ನಿಂತರು. ಅವನು ಡಬ್ಬಿ ಕೆಳಗಿಟ್ಟು, ಕಟ್ಟೆಯ ಮೇಲೆ ಕೂತು, ಯಾರಿಗೋ ಎರಡು ಸಲ ಫೋನ್ ಮಾಡಿ, ಕೊನೆಗೆ ೧೯೫೮ ಎಂದು ತಿದ್ದಿ, ಮನೆಯನ್ನು ಪಟ್ಟಿಯಿಂದ ತೆಗೆದದ್ದನ್ನು ನನಗೆ ತೋರಿಸಿದ.

"ಕ್ರಿ.ಶ. ಎಲ್ಲೈತ್ರಿ?" ಅಂದೆ.

"ಅದಕ್ಕೂ ಜಾಗ ಇಲ್ರಿ ಮೇಡಂ."

ಅರ್ಧ ಅಂಕ ಕತ್ತರಿಸಿದೆ, ಮನಸ್ಸಿನಲ್ಲೇ.

ಈ ಸಲ ಸುಣ್ಣ ಬಳಿದಾಗ ಕಲ್ಲಿನ ಅಕ್ಷರಗಳಿಗೆಲ್ಲ ನಾನೇ ಕರಿ ಬಣ್ಣ ತುಂಬಿದೆ. ಗೋಡೆಯ ಕೆಂಪು ಗೀಟಿನ ಮೇಲೆ ಸುಣ್ಣ ಹಾಕಲು ಹೋದರೆ ಅತ್ತೆ ಕೈ ಹಿಡಿದಳು.

"ಇರ್ಲಿ ಬಿಡು. ಇನ್ನೊಬ್ಬ ಬಂದು ಇದೇನಂತ ಕೇಳ್ಲಿ. ಹೇಳಾಕ ನಾ ಅದೀನಿ."