ಐದು ಮಂದಿಗೆ ಮೂರು ಕುಣಿ

ನನ್ನ ಅಜ್ಜ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಐವತ್ತೇಳರ ಮಳೆಗಾಲದಲ್ಲಿ ಉಪ್ಪಿನಬೆಟಗೇರಿಯಲ್ಲಿ ಹಾಗೆ ನಂಬಿದವರು ಬಹಳ ಇರಲಿಲ್ಲ. ಒಂಬತ್ತು ವರ್ಷದ ನಾನೂ ನಂಬಿರಲಿಲ್ಲ.

ಆಗ ಮನೆಯಲ್ಲಿ ನಾವು ಐದು ಜನ: ಅಜ್ಜ, ಅಪ್ಪ, ಅವ್ವ, ನಾನು ಮತ್ತು ಎಂಟು ತಿಂಗಳ ನನ್ನ ತಮ್ಮ. ಅಪ್ಪ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಕಾಳಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಶನಿವಾರ ಸಂಜೆ ಊರಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದ. ಹೊಸ ಜ್ವರದ ಸುದ್ದಿಯನ್ನು ನಮ್ಮ ಓಣಿಗೆ ತಂದವನೇ ಅವನು. ಪರದೇಶದಿಂದ ಹಡಗಿನಲ್ಲಿ ಬಂದಿದೆಯಂತೆ, ಮುಂಬೈಯಲ್ಲಿ ಇಳಿದು ರೈಲು ಹತ್ತಿದೆಯಂತೆ, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಮಂದಿ ಮೂಗಿಗೆ ಅರಿವೆ ಕಟ್ಟಿಕೊಂಡು ಓಡಾಡುತ್ತಾರಂತೆ. ಹೇಳುವಾಗ ಅವನಿಗೇ ಒಂದಿಷ್ಟು ಖುಷಿ ಇತ್ತು ಎಂದು ಈಗ ಅನ್ನಿಸುತ್ತದೆ. ಊರಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿತ್ತಲ್ಲ.

ಜ್ವರಕ್ಕಿಂತ ಮೊದಲೇ ಊರಿಗೆ ಹುಚ್ಚು ಹಿಡಿಯಿತು. ಹೊಸ ರೋಗ ಹೇಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರೂ ತಾವು ಕಂಡ ಹಳೆಯ ರೋಗಕ್ಕೇ ತಯಾರಾದರು. ಪ್ಲೇಗ್ ಕಂಡವರು ಅಟ್ಟ ಹತ್ತಿ ಇಲಿ ಹುಡುಕಿದರು. ಎರಡು ಮನೆಯವರಂತೂ ಗಂಟುಮೂಟೆ ಕಟ್ಟಿಕೊಂಡು ಹೋಗಿ ಹೊಲದಲ್ಲಿ ಗುಡಿಸಲು ಹಾಕಿ, ಮೊದಲ ಮಳೆಗೇ ತೊಯ್ದು ತಪ್ಪಡಿಯಾಗಿ ವಾಪಸ್ ಬಂದರು. ಕಾಲರಾ ಕಂಡವರು ನೀರು ಕುದಿಸಿದರು, ಸಿಡುಬಿಗೆ ಅಂಜಿದವರು ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದರು. ಅಪ್ಪ ನೀಲಗಿರಿ ಎಣ್ಣೆಯ ಸಣ್ಣ ಬಾಟಲಿ ತಂದಾಗ ಓಣಿಯ ಹೆಂಗಸರೆಲ್ಲ ಬಂದು ಸೆರಗಿನ ತುದಿಗೆ ಒಂದೊಂದು ಹನಿ ಹಾಕಿಸಿಕೊಂಡು ಹೋದರು. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಅಜ್ಜನದು ನಗುವ ವಿಷಯವಾಗಿರಲಿಲ್ಲ. ಅವನು ಹರೆಯದವನಾಗಿದ್ದಾಗ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ದೊಡ್ಡ ಜಡ್ಡಿನಲ್ಲಿ ಅವನ ಮೊದಲ ಹೆಂಡತಿಯೂ ಒಂದು ಎಳೆಗೂಸೂ ಒಂದೇ ವಾರದಲ್ಲಿ ತೀರಿಕೊಂಡಿದ್ದರು. ನಮಗೆ ಗೊತ್ತಿದ್ದದ್ದು ಇಷ್ಟೇ. ಅವನು ಅದರ ಬಗ್ಗೆ ಬಾಯಿ ಬಿಟ್ಟವನಲ್ಲ. ಈ ಸಲ ಸುದ್ದಿ ಕೇಳಿದ್ದೇ ಮಠದ ಕಟ್ಟೆಗೆ ಹೋಗಿ ಹಿರಿಯರ ಮುಂದೆ ನಿಂತ.

"ಮಂದಿ ಗಟ್ಟಿ ಇದ್ದಾಗನ ನಾಕ ಕುಣಿ ತಗದ ಇಡೂಣ್ರಿ. ಜಡ್ಡು ಬಂದಮ್ಯಾಲೆ ತಗ್ಯಾಕ ಯಾರೂ ಸಿಗಾಂಗಿಲ್ಲ" ಅಂದನಂತೆ.

ನಮ್ಮವರು ಸುಡುವುದಿಲ್ಲ, ಹೂಳುತ್ತಾರೆ. ಹೆಣವನ್ನು ಕೂಡ್ರಿಸಿ ಹೂಳುವುದರಿಂದ ಕುಣಿ ಆಳವಾಗಬೇಕು. ಇಬ್ಬರು ಗಟ್ಟಿ ಆಳುಗಳಿಗೆ ಪೂರ್ತಿ ದಿನದ ಕೆಲಸ. ಅಜ್ಜನ ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ. ಆದರೆ ಹಿರಿಯರು, "ಬಾಯಾಗ ಒಂದ ಛಲೋ ಮಾತ ಬರಲೋ ಮಾರಾಯಾ" ಎಂದು ಬೈದು ಕಳಿಸಿದರು. ಅಜ್ಜ ಹಟಮಾರಿ. ನೆಟ್ಟಗೆ ಹೋಗಿ ನಮ್ಮದೇ ಹೊಲದ ಮೂಲೆಯಲ್ಲಿ, ನಮ್ಮ ಮನೆತನದ ಹಿರಿಯರನ್ನು ಹೂಳಿದ ಜಾಗದಲ್ಲಿ, ಆಳು ಹಚ್ಚಿ ಮೂರು ಕುಣಿ ತೋಡಿಸಿದ. ಮಳೆನೀರು ಹೋಗಬಾರದೆಂದು ಮೇಲೆ ಜೋಳದ ಕಣಿಕೆ ದಪ್ಪಗೆ ಹೊದಿಸಿದ.

ಆ ಕಾಲದಲ್ಲಿ ಸೊಸೆ ಮಾವನ ಮುಂದೆ ನಿಂತು ಮಾತಾಡುತ್ತಿರಲಿಲ್ಲ. ಏನಿದ್ದರೂ ನಡುವೆ ನಾನು. ಆದರೆ ಅಂದು ಸುದ್ದಿ ತಿಳಿದ ಅವ್ವ ತಮ್ಮನನ್ನು ಎತ್ತಿಕೊಂಡು ಅಡಿಗೆಮನೆಯಿಂದ ಪಡಸಾಲೆಗೇ ಬಂದುಬಿಟ್ಟಳು.

"ಮನ್ಯಾಗ ಇರೋದ ಐದ ಮಂದಿ. ಆ ಮೂರು ಯಾರ್ಯಾರಿಗ್ರೀ, ಮಾವಾರ?"

ಅಜ್ಜ ತಲೆ ಎತ್ತಲಿಲ್ಲ. "ಎಣಿಸಿ ತಗಸಿಲ್ಲ, ಯವ್ವಾ. ಆಳು ಮೂರ ದಿನಾ ಸಿಕ್ಕರು" ಅಂದ.

ಅದು ಖರೆಯೇ ಇದ್ದಿರಬೇಕು. ಅವ್ವ ನಂಬಲಿಲ್ಲ. ಅವತ್ತಿನಿಂದ ಅವನ ತಾಟಿಗೆ ರೊಟ್ಟಿ ಹಾಕುವುದೂ ನನ್ನ ಕೆಲಸವಾಯಿತು. ಓಣಿಯಲ್ಲಿ ಅವನು ಬರುವುದು ಕಂಡರೆ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. "ಸಾವಿಗೆ ಎಲಿ ಹಾಕಿ ಕುಂತಾನ, ಮುದುಕ" ಎಂದು ಮಗ್ಗುಲ ಮನೆಯಾಕೆ ಅವನಿಗೆ ಕೇಳುವ ಹಾಗೇ ಅಂದಳು. ನಾನೇನು ಕಡಿಮೆ? ಒಂದು ದಿನ ಎದುರು ನಿಂತು, "ನಂದ ಯಾವುದು, ಅಜ್ಜಾ?" ಎಂದು ಕೇಳಿದೆ. ಅವನು ಬೈಯಲಿಲ್ಲ. ಎದ್ದು ಎತ್ತುಗಳಿಗೆ ನೀರು ಕುಡಿಸಲು ಹೋದ. ಆ ಮಾತು ಆಡಿದ ನಾಲಿಗೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಷ್ಟರಲ್ಲಿ ಒಂದು ಶನಿವಾರ ಅಪ್ಪ ಬಸ್ಸಿನಿಂದ ಇಳಿದವನೇ ಗೋಡೆ ಹಿಡಿದುಕೊಂಡು ಮನೆಗೆ ಬಂದ. ಮೈ ಕೆಂಡ. ಆದರೂ ಮಗನನ್ನು ಎತ್ತಿಕೊಂಡು ಮುದ್ದಾಡಿಯೇ ಮಲಗಿದ. ಆ ವಾರ ಮುಗಿಯುವುದರೊಳಗೆ ಊರಿಗೆ ಊರೇ ಹಾಸಿಗೆ ಹಿಡಿಯಿತು. ಎಲ್ಲರೂ ಅಂಜಿದಷ್ಟು ದೊಡ್ಡದೇನೂ ಆಗಲಿಲ್ಲ. ಐದಾರು ದಿನ ಮೈಕೈ ಮುರಿದು, ಕೆಮ್ಮಿ, ಗಂಜಿ ಕುಡಿದು ಜನ ಎದ್ದು ಕುಳಿತರು. ನಮ್ಮ ಓಣಿಯಲ್ಲಿ ಏಳದೆ ಹೋದದ್ದು ಒಂದೇ ಜೀವ.

ತಮ್ಮನಿಗೆ ಜ್ವರ ಬಂದ ಮೂರನೆಯ ದಿನಕ್ಕೆ ಎದೆ ಗೊರಗೊರ ಅನ್ನತೊಡಗಿತು. ಮೊಲೆ ಬಿಟ್ಟ. ಧಾರವಾಡದ ಡಾಕ್ಟರಲ್ಲಿಗೆ ಒಯ್ಯಬೇಕೆಂದರೆ ಬಸ್ಸಿಲ್ಲ, ಡ್ರೈವರನೂ ಮಲಗಿದ್ದನಂತೆ. ಬೆಳಗಾಗುತ್ತಲೇ ಅಜ್ಜ ಗಾಡಿ ಹೂಡಿಕೊಂಡು ಬಾಗಿಲಿಗೆ ತಂದ. ಅವ್ವ ಹೊಸ್ತಿಲ ಮೇಲೆ ಕುಳಿತಿದ್ದಳು. ಏಳಲಿಲ್ಲ. ಒಳಗಿನಿಂದ ಅಪ್ಪ, "ಯಾಕ ಹೊಂಡವಲ್ರಿ? ಲಗೂ ಹೋಗ್ರಿ" ಎಂದು ಕೂಗುತ್ತಲೇ ಇದ್ದ. ಅವನಿಗೆ ಹೇಳುವವರು ಯಾರು? ಕಡೆಗೆ ಅಜ್ಜನೇ ಒಳಗೆ ಹೋದ.

ಬಹಳ ಹೊತ್ತಿನ ಮೇಲೆ ಅವ್ವ ನನ್ನನ್ನು ಕರೆದಳು. ಅಜ್ಜ ಎರಡು ಮಾರು ದೂರದಲ್ಲಿ ಗಾಡಿಗೆ ಆತು ನಿಂತಿದ್ದ.

"ನಿಮ್ಮ ಅಜ್ಜಾಗ ಹೇಳವಾ. ಆ ಕುಣಿಯೊಳಗ ನನ್ನ ಕೂಸು ಹೋಗಾಂಗಿಲ್ಲ."

ನಾನು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಅಜ್ಜ ಹೂಂ ಅಂದ. ಕುಣಿ ತೋಡುವವರನ್ನು ಕರೆಯಲು ನಾಲ್ಕು ಮನೆಗೆ ಹೋಗಿ ಬಂದ. ಮೂರರಲ್ಲಿ ಯಾರೂ ಹೊರಗೇ ಬರಲಿಲ್ಲ. ನಾಲ್ಕನೆಯವನು ಬಾಗಿಲ ಚೌಕಟ್ಟು ಹಿಡಿದು ನಿಂತು, "ಕಾಲ ನಿಂದ್ರವಲ್ವು, ಯಜ್ಜಾ" ಎಂದು ಅತ್ತನಂತೆ. ಅಜ್ಜ ಹೇಳಿದ್ದಂತೆಯೇ ಆಗಿತ್ತು. ಅದನ್ನು ಅವನು ಅಂದೂ ಎತ್ತಿ ಆಡಲಿಲ್ಲ, ಆಮೇಲೂ ಆಡಲಿಲ್ಲ.

ಹೊಲಕ್ಕೆ ಹೋದದ್ದು ಮೂವರೇ. ಅಪ್ಪನಿಗೆ ಎದ್ದು ನಿಲ್ಲಲು ಆಗಲಿಲ್ಲ. ಅವ್ವ ಬೇವಿನ ಗಿಡದ ಕೆಳಗೆ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಕಣಿಕೆ ಹೊದ್ದ ಮೂರು ಕುಣಿಗಳು ಅಲ್ಲೇ ಇದ್ದವು. ಮೂವರೂ ಆ ಕಡೆ ನೋಡಲಿಲ್ಲ. ಅಜ್ಜ ಗುದ್ದಲಿ ಹಿಡಿದ. ಮಳೆಗೆ ನೆನೆದ ಎರೆಮಣ್ಣು ಗುದ್ದಲಿಗೆ ಮೆತ್ತಿಕೊಳ್ಳುತ್ತಿತ್ತು, ಪ್ರತಿ ಏಟಿಗೂ ಕಾಲಿನಿಂದ ಕೆರೆದು ತೆಗೆಯಬೇಕು. ಅವನೂ ಕೆಮ್ಮುತ್ತಿದ್ದ. ಮೈ ಸುಡುತ್ತಿದ್ದದ್ದು ಮಣ್ಣಿನ ಬುಟ್ಟಿ ಇಸಿದುಕೊಳ್ಳುವಾಗ ನನ್ನ ಕೈಗೇ ತಿಳಿಯಿತು. ಕುಣಿ ಅವನ ಮೊಣಕಾಲು ದಾಟಿತು, ಸೊಂಟಕ್ಕೆ ಬಂತು. ಅವನು ನಿಲ್ಲಿಸಲಿಲ್ಲ. ಅವ್ವ ಕೂಸನ್ನು ಎತ್ತಿಕೊಂಡು ಅಂಚಿಗೆ ಬಂದು ನಿಂತಳು.

"ಸಾಕ್ರಿ, ಮಾವಾರ. ಅಂವ ಏನ್ ಅಷ್ಟುದ್ದ ಅದಾನ್ರಿ?"

ಅಜ್ಜ ಬಗ್ಗಿದವನು ಬಗ್ಗಿದಂತೆಯೇ ಹೇಳಿದ:

"ಅವಾಗೂ ಹಿಂಗ ಅನಕೊಂಡೆ, ಯವ್ವಾ. ಮೈಯಾಗ ಜ್ವರ ಇತ್ತು, ಒಬ್ಬನ ಇದ್ನಿ. ಸಣ್ಣ ಕೂಸು, ಸಾಕು ಅಂತ ಮೊಣಕಾಲಮಟ ತಗದು ಮುಚ್ಚಿ ಬಂದೆ. ಮರುದಿನಾ ಅದರ ಅವ್ವನ್ನ ತುಗೊಂಡ ಹ್ವಾದೆ..."

ಗುದ್ದಲಿ ನಿಂತಿತು.

"ನರಿ ಬಂದಿದ್ವು" ಅಂದ.

ಅವ್ವ ತಮ್ಮನನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಣಿಯೊಳಗೆ ಇಳಿದಳು. ಅವನು ಅಗೆದ, ಅವಳು ಎರಡೂ ಕೈಯಿಂದ ಮಣ್ಣು ಬಾಚಿ ಬುಟ್ಟಿ ತುಂಬಿ ಮೇಲೆ ಎತ್ತಿ ಸುರಿದಳು. ಕುಣಿ ಅಜ್ಜನ ಎದೆಮಟ್ಟ ಬರುವವರೆಗೂ ಇಬ್ಬರೂ ಹೊರಗೆ ಬರಲಿಲ್ಲ.